ತಲೆಮಾರಿನ ಹಣೆಪಟ್ಟಿ: ವಿಜ್ಞಾನವೆಷ್ಟು, ನಂಬಿಕೆಯೆಷ್ಟು?

'ಈಗಿನ ಹುಡುಗರಿಗೆ ತಾಳ್ಮೆಯಿಲ್ಲ', 'ಹಳಬರಿಗೆ ಕಂಪ್ಯೂಟರ್ ತಲೆಗೆ ಹತ್ತುವುದಿಲ್ಲ' – ಕಚೇರಿಗಳಲ್ಲಿ, ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಇಂಥ ಮಾತುಗಳನ್ನು ನೀವು ಕೇಳಿರುತ್ತೀರಿ. ಇವಕ್ಕೇ ಶಾಸ್ತ್ರದ ಉಡುಪು ತೊಡಿಸಿ, ಉದ್ಯೋಗಿಗಳನ್ನು ಬೇಬಿ ಬೂಮರ್, ಜೆನ್ ಎಕ್ಸ್, ಮಿಲೇನಿಯಲ್, ಜೆನ್ ಝಡ್ ಎಂದು ವಿಂಗಡಿಸಿ, ಒಂದೊಂದು ಗುಂಪಿನೊಡನೆ ಒಂದೊಂದು ರೀತಿ ವ್ಯವಹರಿಸಬೇಕೆಂದು ಕಲಿಸುವ ಪುಸ್ತಕಗಳೂ ತರಬೇತಿಗಳೂ ಹೇರಳವಾಗಿವೆ. ಈ ವಿಂಗಡಣೆ ವಿಜ್ಞಾನದ ಒರೆಗಲ್ಲಿಗೆ ನಿಲ್ಲುವುದೇ?

ತಲೆಮಾರು ಎಂಬ ಪರಿಕಲ್ಪನೆ ಹುಸಿಯೇನಲ್ಲ. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ಜನ ಒಂದು ತಲೆಮಾರಾಗುವುದಿಲ್ಲ, ಸಮಾನ ಅನುಭವವೂ ಬೇಕು ಎಂದು ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಎಚ್ಚರಿಸಿದ್ದರು. ಆದರೆ ವಿಲಿಯಂ ಸ್ಟ್ರೌಸ್ ಮತ್ತು ನೀಲ್ ಹೋವ್ 1991ರ ತಮ್ಮ 'ಜನರೇಷನ್ಸ್' ಪುಸ್ತಕದಲ್ಲಿ ಅಮೆರಿಕದ ಇತಿಹಾಸವನ್ನೇ ನಾಲ್ಕು ಬಗೆಯ ತಲೆಮಾರುಗಳ ಆವರ್ತನವೆಂದು ಚಿತ್ರಿಸಿದರು. ಓದಲು ಸ್ವಾರಸ್ಯಕರ, ನಿಜ. ಆದರೆ ಯಾವ ಘಟನೆ ನಡೆದರೂ ಹೊಂದಿಸಿಕೊಳ್ಳಬಲ್ಲ ಸಿದ್ಧಾಂತವನ್ನು ಪರೀಕ್ಷಿಸುವುದಾದರೂ ಹೇಗೆ?

ದೊಡ್ಡ ತೊಡಕು ಇರುವುದು ಲೆಕ್ಕದಲ್ಲಿ. 2020ರ ಒಂದು ಸಮೀಕ್ಷೆಯಲ್ಲಿ 25 ವರ್ಷದವರು 55 ವರ್ಷದವರಿಗಿಂತ ಹೆಚ್ಚು ಬಾರಿ ಕೆಲಸ ಬದಲಿಸುವುದು ಕಂಡಿತೆನ್ನಿ. ಕಾರಣ ಅವರು 1995ರಲ್ಲಿ ಹುಟ್ಟಿದ್ದೋ, ಅಥವಾ ಅವರ ವಯಸ್ಸು 25 ಎಂಬುದೋ? 55ರವರೂ ತಮ್ಮ 25ರಲ್ಲಿ ಹಾಗೆಯೇ ಇದ್ದಿರಬಹುದಲ್ಲ! ಹಲವು ವರ್ಷ ಸಮೀಕ್ಷೆ ನಡೆಸಿದರೂ ತೊಡಕು ಪೂರ್ತಿ ಬಿಡದು. ಏಕೆಂದರೆ ಸಮೀಕ್ಷೆಯ ವರ್ಷದಿಂದ ವಯಸ್ಸನ್ನು ಕಳೆದರೆ ಬರುವುದೇ ಹುಟ್ಟಿದ ವರ್ಷ. ಮೂರು ರಾಶಿಗಳು ಒಂದೇ ಸಮೀಕರಣದಲ್ಲಿ ಬಿಗಿದುಕೊಂಡಿರುವಾಗ, ಹೊರಗಿನ ಊಹೆಯ ನೆರವಿಲ್ಲದೆ ಮೂರರ ಪರಿಣಾಮಗಳನ್ನೂ ಬಿಡಿಸಲಾಗದು.

ಗಡಿರೇಖೆಗಳನ್ನೂ ನೋಡಿ. ಪ್ಯೂ ಸಂಶೋಧನಾ ಕೇಂದ್ರದ ವಿಂಗಡಣೆಯಂತೆ 1981ರಿಂದ 1996ರವರೆಗೆ ಹುಟ್ಟಿದವರು ಮಿಲೇನಿಯಲ್‌ಗಳು. 1980ರ ಡಿಸೆಂಬರ್‌ನಲ್ಲಿ ಹುಟ್ಟಿದವರು ಬೇರೆ, 1981ರ ಜನವರಿಯವರು ಬೇರೆ. 15 ವರ್ಷ ಅಂತರವಿರುವವರು ಮಾತ್ರ ಒಂದೇ! 2023ರಲ್ಲಿ ಆ ಕೇಂದ್ರವೇ ಈ ಹಣೆಪಟ್ಟಿಗಳನ್ನು ಇನ್ನು ಮುಂದೆ ಎಚ್ಚರದಿಂದ ಬಳಸುವುದಾಗಿ ಪ್ರಕಟಿಸಿತು. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2020ರ ವರದಿಯೂ, ಸಿಬ್ಬಂದಿ ನಿರ್ವಹಣೆಗೆ ತಲೆಮಾರಿನ ವರ್ಗಗಳನ್ನು ಬಳಸಲು ಸಾಕಷ್ಟು ಆಧಾರವಿಲ್ಲವೆಂದು ತೀರ್ಮಾನಿಸಿದೆ. 20 ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯೊಂದರಲ್ಲಿ, ಉದ್ಯೋಗತೃಪ್ತಿಯಂಥ ವಿಷಯಗಳಲ್ಲಿ ತಲೆಮಾರುಗಳ ನಡುವಿನ ವ್ಯತ್ಯಾಸ ಅಲ್ಪ, ಹಲವೆಡೆ ಶೂನ್ಯಕ್ಕೆ ಸಮೀಪ.

ನಮ್ಮಲ್ಲಂತೂ ಈ ಹೆಸರುಗಳು ಎರವಲು ಅಂಗಿ. 'ಬೇಬಿ ಬೂಮ್' ಎಂದರೆ 1946ರಿಂದ 1964ರವರೆಗೆ ಅಮೆರಿಕದಲ್ಲಿ ಜನನಗಳು ಉಬ್ಬಿದ ಕಾಲ. ಭಾರತದ ಜನಸಂಖ್ಯೆ 1951ರ 36 ಕೋಟಿಯಿಂದ 1971ರಲ್ಲಿ ಸುಮಾರು 55 ಕೋಟಿಗೆ ಏರಿದ್ದು ಮುಖ್ಯವಾಗಿ ಮರಣ ದರ ಇಳಿದದ್ದರಿಂದ. ಕಾರಣವೇ ಬೇರೆಯಾದಾಗ ಹೆಸರು ಒಂದಾದೀತೇ?

ಅಕಾಡೆಮಿಗಳ ವರದಿಗೂ ಮಿತಿಯಿದೆ. ಅದು ಅಮೆರಿಕದ ಕಾರ್ಯಪಡೆಯನ್ನು ಕುರಿತದ್ದು. ಅದರ ಅಂಕಿಅಂಶಗಳನ್ನು ಇಲ್ಲಿಗೆ ಹಾಗೆಯೇ ತರುವಂತಿಲ್ಲ. ಆದರೆ ತರ್ಕವನ್ನು ತರಬಹುದು. ನೆನಪಿಸಿಕೊಳ್ಳಿ: 2020ರಲ್ಲಿ ಶಾಲೆಗಳು ಮುಚ್ಚಿದಾಗ ಎಳೆಯರೂ ಹಿರಿಯರೂ ಮೊಬೈಲ್ ಮೂಲಕ ಪಾಠ ಮಾಡಲು ಕಲಿತರು. ಅದು ಕಾಲದ ಪರಿಣಾಮ, ತಲೆಮಾರಿನದಲ್ಲ. ಕಲಿಯಲು ತಡವಾದವರಿಗೆ ಅಡ್ಡಿಯಾದದ್ದು ಹುಟ್ಟಿದ ವರ್ಷವೋ, ಉಪಕರಣದ ಕೊರತೆಯೋ, ಹೇಳಿಕೊಡುವವರಿಲ್ಲದ್ದೋ ಎಂದು ವಿಚಾರಿಸಿದ್ದೇವೆಯೇ?

ಹಣೆಪಟ್ಟಿಗೆ ಬೆಲೆ ತೆರುವವರು ಮನುಷ್ಯರು. 'ನಿವೃತ್ತಿಗೆ ಹತ್ತಿರವಾದವರಿಗೆ ತರಬೇತಿ ಏಕೆ' ಎಂದು ಹಿರಿಯರನ್ನು ಬಿಟ್ಟರೆ, 'ಇವನು ನಿಲ್ಲುವವನಲ್ಲ' ಎಂದು ಕಿರಿಯರಿಗೆ ಹೊಣೆ ಕೊಡದಿದ್ದರೆ, ಇಬ್ಬರೂ ನಾವು ಊಹಿಸಿದಂತೆಯೇ ಆಗಿಬಿಡುತ್ತಾರೆ. ಆಗ ಸಿದ್ಧಾಂತ ಸಾಬೀತಾಯಿತೆಂದು ಬೀಗುವವರೂ ನಾವೇ. ಸಹೋದ್ಯೋಗಿಗೆ ಏನು ಬೇಕೆಂದು ಅರಿಯಲು ಒಂದು ಸರಳ ಪ್ರಯೋಗವಿದೆ: ಅವರನ್ನೇ ಕೇಳುವುದು.