ಸಿಲ್ವಿಯಾಳ ಮನೆಯ ನಲ್ಲಿ

ಅಮೆರಿಕದ ರಾಬರ್ಟ್ ಪಿರ್ಸಿಗ್ ಬರೆದು 1974ರಲ್ಲಿ ಪ್ರಕಟವಾದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನನ್ಸ್' ಎಂಬ ಪುಸ್ತಕವನ್ನು ಕಂಡರೆ ನಮ್ಮಂಥ ಹೆಂಗಸರು ಅದನ್ನು ಕಪಾಟಿನಲ್ಲಿಯೇ ಬಿಟ್ಟು ಮುಂದೆ ಹೋಗುವುದು ಸಹಜ. ಝೆನ್ ಎಂದರೆ ಏನೋ ಗೊತ್ತಿಲ್ಲ. ಮೋಟರ್‌ಸೈಕಲ್ ರಿಪೇರಿಯಂತೂ ನಮ್ಮ ತಲೆನೋವೇ ಅಲ್ಲ. ನಾನೂ ಬಹಳ ವರ್ಷ ಹಾಗೆಯೇ ಬಿಟ್ಟಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಓದಲು ಕೂತೆ. ಮೊದಲ ಅಧ್ಯಾಯದಲ್ಲಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೋಟರ್‌ಸೈಕಲ್ ಅಲ್ಲ, ಒಂದು ನಲ್ಲಿ.

ಕಥೆ ಹೇಳುವವನು ತನ್ನ ಗೆಳೆಯರಾದ ಜಾನ್ ಮತ್ತು ಸಿಲ್ವಿಯಾ ದಂಪತಿಗಳ ಮನೆಗೆ ಹೋಗಿದ್ದಾನೆ. ಅವರ ಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ಹಿಂದಿನ ಸಲ ಹೋದಾಗಲೂ ತೊಟ್ಟಿಕ್ಕುತ್ತಿತ್ತು. ಕೇಳಿದರೆ, ಹೊಸ ವಾಷರ್ ಹಾಕಿ ನೋಡಿದೆ, ಸರಿಯಾಗಲಿಲ್ಲ ಎಂದು ಜಾನ್ ಹೇಳುತ್ತಾನೆ. ಅಲ್ಲಿಗೆ ಮುಗಿಯಿತು. ಮುಂದೊಮ್ಮೆ ಮೆಲುದನಿಯ ಸಿಲ್ವಿಯಾ ಆ ತೊಟ್ಟಿನ ಸದ್ದಿನ ಮೇಲೆ ಏನೋ ಹೇಳಲು ಹೋಗುತ್ತಾಳೆ. ಅಷ್ಟರಲ್ಲಿ ಮಕ್ಕಳು ಗಲಾಟೆ ಮಾಡುತ್ತಾ ಒಳಗೆ ಬರುತ್ತಾರೆ. ಅವಳು ಮಕ್ಕಳ ಮೇಲೆ ರೇಗಿಬೀಳುತ್ತಾಳೆ. ನಿಜವಾದ ಸಿಟ್ಟು ನಲ್ಲಿಯ ಮೇಲೆ, ಆದರೆ ಅದನ್ನು ಅವಳು ಬೇಕೆಂದೇ ಒಳಗೆ ಹತ್ತಿಕ್ಕುತ್ತಿದ್ದಾಳೆ ಎಂದು ಕಥೆಗಾರನಿಗೆ ಥಟ್ಟನೆ ಹೊಳೆಯುತ್ತದೆ.

ಗಂಡಸೊಬ್ಬ ಇಷ್ಟು ಸೂಕ್ಷ್ಮವಾಗಿ ಗಮನಿಸಿದ್ದಾನಲ್ಲ ಎಂದು ಮೊದಲು ಸಂತೋಷವಾಯಿತು. ಆಮೇಲೆ ಅವನು ಕೊಡುವ ಕಾರಣ ಓದಿ ಸಂತೋಷ ಇಳಿಯಿತು. ಜಾನ್ ಮತ್ತು ಸಿಲ್ವಿಯಾ ಇಬ್ಬರಿಗೂ ಯಂತ್ರನಾಗರಿಕತೆಯ ಮೇಲೆಯೇ ಅಸಮಾಧಾನ, ಅದರಿಂದ ತಪ್ಪಿಸಿಕೊಳ್ಳಲೆಂದೇ ಅವರು ಮೋಟರ್‌ಸೈಕಲ್ ಹತ್ತಿ ಊರು ಬಿಡುತ್ತಾರೆ ಎಂದು ಅವನ ತೀರ್ಮಾನ. ಇರಬಹುದು. ಆದರೆ ಈ ಪುಸ್ತಕವನ್ನು ಒಬ್ಬ ಗೃಹಿಣಿ ಓದಿದರೆ ಇನ್ನೊಂದು ಕಾರಣ ತಕ್ಷಣ ಕಾಣುತ್ತದೆ. ರಿಪೇರಿ ಮಾಡುವ ಪಾಲು ಜಾನನದು, ಆ ಸದ್ದಿನ ಜೊತೆ ಬಾಳುವ ಪಾಲು ಸಿಲ್ವಿಯಾಳದು. ನಲ್ಲಿ ನನಗೆ ಹಿಂಸೆಯಾಗುತ್ತಿದೆ ಎಂದರೆ, ನಿನ್ನ ಕೈಲಾಗಲಿಲ್ಲ ಎಂದು ಗಂಡನಿಗೆ ಹೇಳಿದಂತೆ. ಆದ್ದರಿಂದ ಮಕ್ಕಳು ಬೈಗುಳ ತಿನ್ನುತ್ತಾರೆ. ಅವಳೇ ಸ್ಪ್ಯಾನರ್ ಹಿಡಿಯಬಹುದಿತ್ತು ಎಂಬ ಮಾತು ಆ ಮೂವರಲ್ಲಿ ಯಾರಿಗೂ ಹೊಳೆಯುವುದಿಲ್ಲ. ಇನ್ನೂ ಒಂದು ತಮಾಷೆಯಿದೆ. ಎಂಜಿನ್ನನ್ನೇ ಬಿಚ್ಚಿ ಜೋಡಿಸಬಲ್ಲ ಕಥೆಗಾರ ತಾನೇ ಎದ್ದು ಆ ನಲ್ಲಿಯನ್ನು ಸರಿಪಡಿಸಿದ ಎಂದು ಪುಸ್ತಕದಲ್ಲಿ ಎಲ್ಲಿಯೂ ಬರುವುದಿಲ್ಲ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕುಳಿತು ಅವನು ತತ್ವಶಾಸ್ತ್ರ ಕಟ್ಟುತ್ತಾನೆ.

ಹಾಗೆಂದು ಈ ಪುಸ್ತಕವನ್ನು ಬದಿಗಿಡುವಂತಿಲ್ಲ. ಪಿರ್ಸಿಗ್ ಹೇಳುವ ಒಂದು ಪ್ರಸಂಗ ನಮ್ಮೆಲ್ಲರ ಅನುಭವ. ಅವನ ಗಾಡಿಯ ಎಂಜಿನ್ ಮತ್ತೆ ಮತ್ತೆ ಕಚ್ಚಿಕೊಂಡು ನಿಂತುಬಿಡುತ್ತದೆ. ಗ್ಯಾರೇಜಿನ ಹುಡುಗರು ಜೋರಾಗಿ ರೇಡಿಯೋ ಹಾಕಿಕೊಂಡು, ಸುತ್ತಿಗೆ ಉಳಿ ಹಿಡಿದು, ಸರಿಯಿದ್ದುದನ್ನೂ ಹಾಳುಮಾಡುತ್ತಾರೆ. ಕೊನೆಗೆ ತಾನೇ ಬಿಚ್ಚಿ ನೋಡಿದರೆ, ಎಣ್ಣೆ ಹರಿಯುವ ದಾರಿಯಲ್ಲಿ ಇಪ್ಪತ್ತೈದು ಸೆಂಟಿನ ಒಂದು ಪಿನ್ನು ತುಂಡಾಗಿತ್ತು, ಅಷ್ಟೆ. ಕೈಚಳಕ ಕಡಿಮೆಯಾದದ್ದಲ್ಲ, ಕಾಳಜಿ ಇಲ್ಲದಿದ್ದುದು ಅವರ ದೋಷ ಎನ್ನುತ್ತಾನೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು ಬರುತ್ತದೆ. ಅವನ ಆಗಿನ ಉದ್ಯೋಗ ಕಂಪ್ಯೂಟರ್‌ಗಳ ಕೈಪಿಡಿಗಳನ್ನು ತಿದ್ದುವುದು. ಆ ಕೈಪಿಡಿಗಳಲ್ಲಿಯೂ ಅದೇ ನಿರ್ಲಿಪ್ತತೆ ಕಂಡಿತಂತೆ: ಯಂತ್ರ ಬೇರೆ, ನಾನು ಬೇರೆ, ನನಗೇನು ಎಂಬ ಧಾಟಿ. ಕಂಪ್ಯೂಟರ್ ಬಲ್ಲವರು ಬೇರೆ ಜಾತಿ, ಗಾಡಿ ರಿಪೇರಿ ಬಲ್ಲವರು ಬೇರೆ ಜಾತಿ ಎಂದುಕೊಂಡಿದ್ದ ನನಗೆ ಈ ಮಾತು ಹೊಸದಾಗಿತ್ತು.

ಎರಡಕ್ಕೂ ವ್ಯತ್ಯಾಸ ಇಲ್ಲವೆಂದಲ್ಲ. ಕಂಪ್ಯೂಟರಿನಲ್ಲಿ ತಪ್ಪು ಮಾಡಿದರೆ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ ಬರಬಹುದು; ಕಡತದ ನಕಲು ಇಟ್ಟುಕೊಂಡು ಧೈರ್ಯವಾಗಿ ಪ್ರಯೋಗ ಮಾಡಬಹುದು. ಲೋಹಕ್ಕೆ ಈ ಕರುಣೆ ಇಲ್ಲ. ಸ್ಕ್ರೂವಿನ ತಲೆ ಸವೆದು ಅದು ಬಿಚ್ಚದೇ ಹೋದರೆ ಆ ಪುಟ್ಟ ಸ್ಕ್ರೂವಿನ ಬೆಲೆ ಇಡೀ ಗಾಡಿಯ ಬೆಲೆಗೆ ಸಮ ಎಂದು ಪಿರ್ಸಿಗ್ ಲೆಕ್ಕ ಹಾಕಿದ್ದಾನೆ. ನಮ್ಮ ಊರುಗಳಲ್ಲಿ ಇನ್ನೂ ಒಂದು ವ್ಯತ್ಯಾಸವಿದೆ. ಕಂಪ್ಯೂಟರನ್ನು ಮನೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕಲಿಯಬಹುದು. ರಸ್ತೆ ಬದಿಯಲ್ಲಿ ಹೆಂಗಸೊಬ್ಬಳು ಕಾರಿನ ಬಾನೆಟ್ ಎತ್ತಿ ಬಗ್ಗಿದರೆ ಐದು ನಿಮಿಷದಲ್ಲಿ ಹತ್ತು ಜನ ಸೇರುತ್ತಾರೆ. ಅವರಲ್ಲಿ ಒಂಬತ್ತು ಜನ ಸಲಹೆ ಕೊಡುತ್ತಾರೆ, ಒಬ್ಬ "ನೀವು ಬಿಡಿ ಮೇಡಂ" ಎಂದು ಕೈಯಿಂದ ಕಿತ್ತುಕೊಳ್ಳುತ್ತಾನೆ. ನಮ್ಮ ಹುಡುಗಿಯರು ಕಾರಿಗಿಂತ ಮೊದಲು ಕಂಪ್ಯೂಟರ್ ಕಲಿತದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ಮ್ಯಾಥ್ಯೂ ಕ್ರಾಫರ್ಡ್ ಬರೆದ 'ಶಾಪ್ ಕ್ಲಾಸ್ ಆ್ಯಸ್ ಸೋಲ್‌ಕ್ರಾಫ್ಟ್' (2009) ಎಂಬ ಪುಸ್ತಕ ನನಗೆ ಸ್ವಲ್ಪ ನೋವನ್ನೂ ಕೊಟ್ಟಿತು. ಕ್ರಾಫರ್ಡ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ರಾಜಕೀಯ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದವರು. ಸಂಸ್ಥೆಯೊಂದರ ಹುದ್ದೆಯನ್ನು ಐದೇ ತಿಂಗಳಿಗೆ ಬಿಟ್ಟು ಮೋಟರ್‌ಸೈಕಲ್ ರಿಪೇರಿ ಅಂಗಡಿ ತೆರೆದರು. ಅದಕ್ಕೂ ಮೊದಲು ಅವರು ಮಾಡಿದ್ದ ಒಂದು ಕೆಲಸ, ವಿದ್ವತ್ ಲೇಖನಗಳ ಸಾರಾಂಶ ಬರೆಯುವುದು. ದಿನಕ್ಕೆ 15 ಲೇಖನವೆಂದು ಶುರುವಾದದ್ದು ಹನ್ನೊಂದನೇ ತಿಂಗಳಿಗೆ 28ಕ್ಕೆ ಏರಿತು. ಓದಿ ಅರ್ಥ ಮಾಡಿಕೊಂಡರೆ ಲೆಕ್ಕ ತಲುಪುವುದಿಲ್ಲ. ಆದ್ದರಿಂದ ಅರ್ಥ ಮಾಡಿಕೊಳ್ಳದಿರುವುದನ್ನೇ ಅಭ್ಯಾಸ ಮಾಡಬೇಕಾಯಿತು. ಮೇಜು ಕುರ್ಚಿಯ ಆ ಕೆಲಸಕ್ಕಿಂತ ಕೈಗೆ ಮಸಿ ಹತ್ತುವ ರಿಪೇರಿಯಲ್ಲಿ ಹೆಚ್ಚು ಬುದ್ಧಿ ಬೇಕು ಎಂಬುದು ಅವರ ವಾದ.

ನೋವಾದದ್ದು ಏಕೆಂದರೆ, ಇಷ್ಟು ವರ್ಷದ ಮೇಷ್ಟರಗಿತ್ತಿ ಕೆಲಸದಲ್ಲಿ ನಾನು ಎಷ್ಟು ಮಕ್ಕಳಿಗೆ "ಓದದಿದ್ದರೆ ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ಹಿಡಿ" ಎಂದು ಹೆದರಿಸಿದ್ದೇನೋ ಲೆಕ್ಕವಿಲ್ಲ. ಅದು ಬೈಗುಳವೆಂದೇ ನಾನು ಬಳಸಿದ್ದೆ, ಬೈಗುಳವೆಂದೇ ಅವರು ಕೇಳಿಸಿಕೊಂಡಿದ್ದರು. ಅದೇ ಬಾಯಿಯಿಂದ ಇನ್ನೊಂದು ಮಗುವಿಗೆ "ಇವನಿಗೆ ಕಂಪ್ಯೂಟರ್ ಎಷ್ಟು ಚೆನ್ನಾಗಿ ಬರುತ್ತೆ ನೋಡಿ" ಎಂದಿದ್ದೇನೆ. ಒಂದು ಸರಸ್ವತಿಯ ಕಟಾಕ್ಷ, ಇನ್ನೊಂದು ಹಣೆಬರಹ.

ಆ ಬೈಗುಳ ಕೇಳಿಸಿಕೊಂಡವರಲ್ಲಿ ಒಬ್ಬ ಈಗ ನಮ್ಮೂರಿನಲ್ಲಿಯೇ ಗ್ಯಾರೇಜು ಇಟ್ಟಿದ್ದಾನೆ. ಒಂದು ಮಳೆಗಾಲ ನಮ್ಮ ಕಾರಿನಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿಕೊಂಡಿತು. ದೊಡ್ಡ ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ ನೋಡಿ, ಸೆನ್ಸರ್ ಬದಲಾಯಿಸಬೇಕು ಎಂದು ಕೆಲವು ಸಾವಿರದ ಚೀಟಿ ಕೊಟ್ಟರು. ಈ ಹುಡುಗನ ಹತ್ತಿರವೂ ಅಂಗೈ ಅಗಲದ ಸ್ಕ್ಯಾನರ್ ಇತ್ತು. ಅದೂ ಅದನ್ನೇ ಹೇಳಿತು. ಅವನು ಅದನ್ನು ಪಕ್ಕಕ್ಕಿಟ್ಟ.

"ಸೆನ್ಸರ್ ಹೋಗಿದೆ ಅಂತ ಇದು ಹೇಳ್ತದೆ ಮೇಡಂ. ಸೆನ್ಸರ್ರೇ ಹೋಗಿದೆಯೋ, ಅದಕ್ಕೆ ಹೋಗೋ ವೈರು ಹೋಗಿದೆಯೋ, ಇದಕ್ಕೇನು ಗೊತ್ತು?"

ಟಾರ್ಚ್ ಹಿಡಿದು ವೈರಿನ ಗುಂಟ ನೋಡುತ್ತಾ ಹೋದ. ಒಂದು ಕಡೆ ಇಲಿ ಕಡಿದಿತ್ತು. ಜೋಡಿಸಿ, ಟೇಪ್ ಸುತ್ತಿ, ದೀಪ ಆರಿಸಿದ. ಎಷ್ಟಾಯಿತೆಂದು ಕೇಳಿದರೆ ನಿಮ್ಮ ಹತ್ತಿರ ಏನು ತಗೊಳ್ಳೋದು ಎಂದ. ನಾನು ಬಲವಂತವಾಗಿ ಕೊಟ್ಟೆ. ಹಿಂದೆ ಆಡಿದ ಮಾತು ಅವನಿಗೆ ನೆನಪಿದೆಯೋ ಇಲ್ಲವೋ ಕೇಳುವ ಧೈರ್ಯ ನನಗಿರಲಿಲ್ಲ.

ಅವನು ಮಾಡಿದ್ದೇನು ಎಂದು ಆಮೇಲೆ ಯೋಚಿಸಿದೆ. ಯಂತ್ರ ಹೇಳಿದ ಮೊದಲ ಮಾತನ್ನು ನಂಬದೆ, ಕಣ್ಣಾರೆ ನೋಡಿದ. ಶಾಲೆಯಲ್ಲಿ "ಸಿಸ್ಟಮ್ ತಗೊಳ್ತಿಲ್ಲ" ಎಂದು ಎಲ್ಲರೂ ಕೈಕಟ್ಟಿ ಕುಳಿತಾಗ ನಾನು ಮಾಡುವುದೂ ಅದನ್ನೇ. ಕೇಬಲ್ ಸರಿಯಾಗಿ ಕೂತಿದೆಯೇ, ಹಿಂದಿನ ಮುದ್ರಣದ ಆದೇಶ ಪ್ರಿಂಟರಿನಲ್ಲಿ ಸಿಕ್ಕಿಕೊಂಡಿದೆಯೇ, ಹುಟ್ಟಿದ ತಾರೀಖು ತಿರುಗಾಮುರುಗಾ ಬಿದ್ದಿದೆಯೇ ಎಂದು ಒಂದೊಂದಾಗಿ ನೋಡುವುದು. ಆದರೆ ನನ್ನ ಈ ಜಾಣತನಕ್ಕೆ ಸಿಕ್ಕಿದ್ದು ಗೌರವವಲ್ಲ, ಎಲ್ಲರ ಅಂಕಪಟ್ಟಿಯನ್ನೂ ಕಂಪ್ಯೂಟರಿಗೆ ಏರಿಸುವ ಹೆಚ್ಚುವರಿ ಕೆಲಸ. ಗಂಡಸು ರಿಪೇರಿ ಮಾಡಿದರೆ ಅದು ವಿದ್ಯೆ, ಹೆಂಗಸು ಮಾಡಿದರೆ ಸಹಾಯ.

ಇದು ಹೊಸತೂ ಅಲ್ಲ. 1946ರಲ್ಲಿ ಅಮೆರಿಕದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ಲೋಕಕ್ಕೆ ತೋರಿಸಿದರು. ಅದರಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಲೆಕ್ಕ ಮಾಡಲು ಕಲಿಸಿದವರು ಆರು ಮಂದಿ ಹೆಂಗಸರು. ಅವರಿಗೆ ಕೈಪಿಡಿ ಇರಲಿಲ್ಲ. ತಂತಿಗಳ ನಕ್ಷೆ ನೋಡಿ ಯಂತ್ರವನ್ನು ಅರ್ಥ ಮಾಡಿಕೊಂಡರು, ಯಾವ ಕೊಳವೆ ಕೆಟ್ಟಿದೆ ಎಂದು ಪತ್ತೆ ಹಚ್ಚುವಷ್ಟು ಬಲ್ಲವರಾದರು. ಕಂಪ್ಯೂಟರ್ ಬಲ್ಲವರೂ ಅವರೇ, ರಿಪೇರಿ ಬಲ್ಲವರೂ ಅವರೇ. ಪ್ರದರ್ಶನದ ದಿನದ ಔತಣಕ್ಕೆ ಮಾತ್ರ ಅವರಿಗೆ ಕರೆಯಿರಲಿಲ್ಲ.

ಕ್ರಾಫರ್ಡ್ ಅವರ ಪುಸ್ತಕದಲ್ಲಿ ಬರುವವರೂ ಬಹುಮಟ್ಟಿಗೆ ಗಂಡಸರೇ. ಹೆಂಗಸರಿಗೂ ಇಂಥ ಕೆಲಸದ ಸೊಗಸು ತಿಳಿದೀತು ಎಂದು ಆರಂಭದಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತಾರೆ. ತಿಳಿದೀತು ಎಂಬುದೇನು! ಹೊಲಿಗೆ ಯಂತ್ರದಲ್ಲಿ ದಾರ ಪದೇ ಪದೇ ತುಂಡಾದರೆ ಸೂಜಿ ತಿರುವುಮುರುವಾಗಿ ಕೂತಿದೆಯೋ, ದಾರದ ಬಿಗಿ ಹೆಚ್ಚಾಗಿದೆಯೋ, ಬಾಬಿನ್ ಕೆಳಗೆ ನೂಲಿನ ಕಸ ಸೇರಿದೆಯೋ ಎಂದು ನಮ್ಮಮ್ಮ ಕ್ರಮವಾಗಿ ನೋಡುತ್ತಿದ್ದಳು. ಕುಕ್ಕರ್ ಕೂಗದಿದ್ದರೆ ಗ್ಯಾಸ್ಕೆಟ್ ಸಡಿಲವಾಗಿದೆಯೋ, ವೆಯ್ಟ್ ಕೂರುವ ತೂತಿನಲ್ಲಿ ಬೇಳೆ ಸಿಕ್ಕಿದೆಯೋ ಎಂದು ನೀವೂ ನೋಡುತ್ತೀರಿ. ಪಿರ್ಸಿಗ್ ಪುಟಗಟ್ಟಲೆ ವರ್ಣಿಸುವ ವೈಜ್ಞಾನಿಕ ವಿಧಾನ ಇದೇ. ನಾವು ಅದಕ್ಕೆ ಪುಸ್ತಕ ಬರೆಯಲಿಲ್ಲ, ಅಷ್ಟೆ.

ಕ್ರಾಫರ್ಡ್ ಹೇಳುವ ಒಂದು ಅಪಾಯ ಮಾತ್ರ ಈಗ ಇನ್ನೂ ಹೆಚ್ಚಾಗಿದೆ. ಯಂತ್ರಗಳು ಬಾಗಿಲು ಮುಚ್ಚಿಕೊಳ್ಳುತ್ತಿವೆ. ಎಣ್ಣೆ ಎಷ್ಟಿದೆ ಎಂದು ಅದ್ದಿ ನೋಡುವ ಕಡ್ಡಿಯೇ ಕೆಲವು ಮರ್ಸಿಡಿಸ್ ಕಾರುಗಳಲ್ಲಿ ಇಲ್ಲ ಎಂದು ಕ್ರಾಫರ್ಡ್ ಬರೆಯುತ್ತಾರೆ. 1983ರಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಹಾಕುವ ಮನೆಯ ಯಜಮಾನರಿದ್ದರು. ಈಗಿನ ಕಾರಿಗೆ ಕಾರ್ಬ್ಯುರೇಟರೇ ಇಲ್ಲ, ಎಂಜಿನ್ನನ್ನು ಆಳುವುದು ಒಂದು ಕಂಪ್ಯೂಟರ್. ಮೊಬೈಲಿನ ಬ್ಯಾಟರಿಯನ್ನು ಉಗುರಿನಲ್ಲಿ ಎಬ್ಬಿಸಿ ತೆಗೆಯುವ ಕಾಲವೂ ಹೋಯಿತು. ರಿಪೇರಿಯ ಹಕ್ಕು ಎಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಸಮಿತಿ ಮಾಡಿ, ಅದೇ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಸಾಮಾನು, ವಾಹನ ಇವು ನಾಲ್ಕೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಬಿಚ್ಚಿ ನೋಡುವ ಹಕ್ಕು ಕಾಗದದ ಮೇಲೆ ಬಂದರೆ ಸಾಲದು. ಮನೆಯೊಳಗೆ ಯಾರು ಬಿಚ್ಚಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಪಿರ್ಸಿಗ್ ಪುಸ್ತಕದ ಉತ್ತರಾರ್ಧ ಕಷ್ಟ. 'ಗುಣ' ಎಂದರೇನು ಎಂಬ ಚರ್ಚೆ ಬಹಳ ಉದ್ದ. ಬೇಸರವಾದರೆ ಪುಟ ಹಾರಿಸಿ, ಆದರೆ ಕೊನೆಯನ್ನು ಬಿಡಬೇಡಿ. ಆ ಪ್ರಯಾಣದುದ್ದಕ್ಕೂ ಅವನ ಹಿಂದೆ ಕುಳಿತವನು ಅವನ ಪುಟ್ಟ ಮಗ ಕ್ರಿಸ್. ಎಂಜಿನ್ನಿನ ಸಣ್ಣ ಸದ್ದನ್ನೂ ಗುರುತಿಸುವ ಅಪ್ಪನಿಗೆ ಮಗನ ಹೊಟ್ಟೆನೋವು ಅರ್ಥವಾಗುವುದಿಲ್ಲ. ಅಷ್ಟು ದೂರವೂ ಆ ಹುಡುಗನಿಗೆ ಕಂಡದ್ದು ಅಪ್ಪನ ಬೆನ್ನು ಮಾತ್ರ. ಕೊನೆಯಲ್ಲಿ ಅವನು ಎದ್ದು ನಿಂತು ಅಪ್ಪನ ಹೆಗಲ ಮೇಲಿಂದ ದಾರಿ ನೋಡುತ್ತಾನೆ. ಈ ತಂದೆ ತನ್ನ ಕುರುಡನ್ನು ತಾನೇ ಬರೆದಿಟ್ಟಿದ್ದಾನೆ. ಅದಕ್ಕಾಗಿ ಅವನ ಇತರ ತಪ್ಪುಗಳನ್ನು ನಾನು ಕ್ಷಮಿಸಿದ್ದೇನೆ. ಸಿಲ್ವಿಯಾಳ ನಲ್ಲಿಯನ್ನು ಮಾತ್ರ ಕ್ಷಮಿಸಿಲ್ಲ.

ಪುಸ್ತಕ ಮುಗಿದ ಮೇಲೆ ನಮ್ಮ ಬಚ್ಚಲಮನೆಯ ನಲ್ಲಿಯನ್ನು ನಾನೇ ಬಿಚ್ಚಿದೆ. ಮೇಲಿನ ವಾಲ್ವ್ ಮುಚ್ಚಿ, ಅಂಗಡಿಯಿಂದ ತಂದ ಹೊಸ ವಾಷರ್ ಹಾಕಿದೆ. ಈಗಲೂ ಸ್ವಲ್ಪ ತೊಟ್ಟಿಕ್ಕುತ್ತಿದೆ. ವಾಷರ್ ಕೂರುವ ಜಾಗವೇ ಸವೆದಿರಬೇಕು. ಭಾನುವಾರ ಮತ್ತೆ ಬಿಚ್ಚಿ ನೋಡುವವಳಿದ್ದೇನೆ.