ಪ್ರಸಂಗವಿಲ್ಲದ ಭಾನುವಾರಗಳು: ಬಾಖ್ ಕಾಂಟಾಟಾ ಯಾತ್ರೆಯ ಒಂದು ದೈವಶಾಸ್ತ್ರೀಯ ವಿಮರ್ಶೆ

ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರು ಲೈಪ್‌ಜಿಗ್ ನಗರದಲ್ಲಿ ನಿಧನರಾದದ್ದು 1750ರ ಜುಲೈ 28ರಂದು. ಆ ಮರಣದ ಇನ್ನೂರೈವತ್ತನೆಯ ವರ್ಷವನ್ನು ಇಂಗ್ಲೆಂಡಿನ ಮಾಂಟೆವೆರ್ಡಿ ಗಾಯನವೃಂದವು ಯಾತ್ರೆಯೊಂದರ ಮೂಲಕ ಆಚರಿಸಿತು. ಜಾನ್ ಎಲಿಯಟ್ ಗಾರ್ಡಿನರ್ ಅವರು 1964ರಲ್ಲಿ ಕಟ್ಟಿದ ಈ ವೃಂದವು ತನ್ನ ವಾದ್ಯಗಾರರೊಡನೆ 1999ರ ಕ್ರಿಸ್ತಜಯಂತಿಯಂದು ವೈಮಾರ್ ನಗರದಿಂದ ಹೊರಟು, ಯುರೋಪಿನ ಹತ್ತಾರು ದೇವಾಲಯಗಳಲ್ಲಿ ಹಾಡುತ್ತ ಸಾಗಿ, 2000ದ ಡಿಸೆಂಬರ್ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ತನ್ನ ಯಾತ್ರೆಯನ್ನು ಮುಗಿಸಿತು. ಬಾಖ್ ಅವರ ಉಳಿದುಬಂದಿರುವ ಸುಮಾರು 200 ಆರಾಧನಾ ಕಾಂಟಾಟಾಗಳನ್ನು, ಅವು ಯಾವ ಭಾನುವಾರಕ್ಕೆ ಅಥವಾ ಹಬ್ಬಕ್ಕೆ ರಚಿತವಾದವೋ ಆ ದಿನಗಳಿಗೆ ಹೊಂದಿಸಿಯೇ ಹಾಡಬೇಕೆಂಬುದು ಅವರ ಸಂಕಲ್ಪವಾಗಿತ್ತು. ಧ್ವನಿಮುದ್ರಣಕ್ಕೆ ಬೆಂಬಲವಾಗಿ ನಿಂತಿದ್ದ ದೊಡ್ಡ ಸಂಸ್ಥೆಯೊಂದು ಹಿಂದೆ ಸರಿದಾಗ, ವೃಂದವೇ 'ಸೊಲಿ ದೇವೊ ಗ್ಲೋರಿಯಾ' ಎಂಬ ಹೆಸರಿನಲ್ಲಿ ಮುದ್ರಿಕೆಗಳನ್ನು ಹೊರತಂದಿತು. 'ದೇವರೊಬ್ಬರಿಗೇ ಮಹಿಮೆ' ಎಂಬ ಅರ್ಥದ ಆ ಮಾತಿನ ಆದ್ಯಕ್ಷರಗಳನ್ನು ಬಾಖ್ ತಮ್ಮ ಹಸ್ತಪ್ರತಿಗಳ ಕೊನೆಯಲ್ಲಿ ಬರೆಯುತ್ತಿದ್ದರು.

ಈ ಲೇಖಕನು ಆ ಮುದ್ರಿಕೆಗಳ ಶ್ರೋತೃವೇ ಹೊರತು ಆ ದೇವಾಲಯಗಳಲ್ಲಿ ಕುಳಿತು ಕೇಳಿದವನಲ್ಲ. ದೈವಾರಾಧನಾ ಶಾಸ್ತ್ರವನ್ನು ಬೋಧಿಸುವವನಿಗೆ ಯಾತ್ರೆಯ ಬೇಸಿಗೆಯ ಭಾಗವು ವಿಶೇಷ ಆಸಕ್ತಿಯದು. ತ್ರಿತ್ವದ ಭಾನುವಾರದ ನಂತರದ ಆ ತಿಂಗಳುಗಳಲ್ಲಿ ಮಹಾಹಬ್ಬಗಳು ವಿರಳ. ಶುಭಸಂದೇಶವು ಭಾನುವಾರದಿಂದ ಭಾನುವಾರಕ್ಕೆ ವಿಶ್ವಾಸಿಗಳ ನಿತ್ಯಜೀವನವನ್ನೇ ಪ್ರಶ್ನಿಸುತ್ತ ಹೋಗುತ್ತದೆ. ಲಂಡನ್, ಸೇಂಟ್ ಡೆನಿ, ಜೂರಿಕ್, ಮ್ಯೂಲ್‌ಹೌಸನ್, ಸ್ಕಾಟ್ಲೆಂಡಿನ ಅಯೋನಾ ದ್ವೀಪ, ಬ್ರೌನ್‌ಶ್ವೈಗ್ - ಹೀಗೆ ಸಾಗಿದ ಆ ಬೇಸಿಗೆಯ ಪಯಣವನ್ನು ಕೇಳಿದಾಗ ನಮ್ಮೊಳಗೆ ಮೂಡುವ ಪ್ರಶ್ನೆ ಇದು: ಪೂಜಾವಿಧಿಗಾಗಿ ಹುಟ್ಟಿದ ಗೀತವು ಪೂಜಾವಿಧಿಯಿಂದ ಹೊರಬಂದಾಗ ಉಳಿಸಿಕೊಳ್ಳುವುದೇನು, ಕಳೆದುಕೊಳ್ಳುವುದೇನು?

ಮೊದಲು ಕಾಂಟಾಟಾ ಇದ್ದ ಸ್ಥಾನವನ್ನು ನೆನೆಯೋಣ. ಬಾಖ್ ಅವರ ಕಾಲದ ಲೈಪ್‌ಜಿಗ್‌ನಲ್ಲಿ ಭಾನುವಾರದ ಮುಖ್ಯ ಆರಾಧನೆ ಬೆಳಗಿನ ಏಳಕ್ಕೆ ಆರಂಭವಾಗಿ ಮೂರು ಗಂಟೆಗೂ ಮಿಕ್ಕಿ ನಡೆಯುತ್ತಿತ್ತು. ಶುಭಸಂದೇಶದ ವಾಚನವಾದ ಮೇಲೆ ಕಾಂಟಾಟಾ. ಆಮೇಲೆ ಸುಮಾರು ಒಂದು ಗಂಟೆಯ ಪ್ರಸಂಗ. ಕೃತಿಯು ಎರಡು ಭಾಗಗಳದ್ದಾಗಿದ್ದರೆ ಎರಡನೆಯದನ್ನು ಪ್ರಸಂಗದ ನಂತರ ಹಾಡುತ್ತಿದ್ದರು. ಹೀಗೆ ವಾಚನ, ಗಾನ, ಪ್ರಬೋಧನೆ ಎಂಬ ಮೂರೂ ಒಂದೇ ವಾಕ್ಯದ ಸುತ್ತ ಕಟ್ಟಿದ ಒಂದೇ ಸೇವೆಯಾಗಿದ್ದವು. ಪವಿತ್ರ ಸಂಗೀತವು ವಿಧ್ಯುಕ್ತ ದೈವಾರಾಧನೆಯ ಅವಿಭಾಜ್ಯ ಅಂಗವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತ ಸಂವಿಧಾನದ 112ನೆಯ ಪರಿಚ್ಛೇದದಲ್ಲಿ ಹೇಳಿದ್ದನ್ನು, ಲೂಥರನ್ ಲೈಪ್‌ಜಿಗ್ ತನ್ನದೇ ರೀತಿಯಲ್ಲಿ ಆಗಲೇ ಆಚರಣೆಗೆ ತಂದಿತ್ತು ಎನ್ನಲು ನಾವು ಸಂಕೋಚಪಡಬೇಕಾಗಿಲ್ಲ.

ಈಗ ಲಂಡನ್ನಿಗೆ ಬರೋಣ. ತ್ರಿತ್ವದ ನಂತರದ ಮೊದಲನೆಯ ಭಾನುವಾರದ ಶುಭಸಂದೇಶ ಧನಿಕನ ಮತ್ತು ಲಾಜರನ ಸಾಮತಿ (ಲೂಕ 16:19-31). ಆ ದಿನಕ್ಕಾಗಿ ಬಾಖ್ ಬರೆದ ಮೂರು ಕಾಂಟಾಟಾಗಳು ಉಳಿದಿವೆ: 1723ರಲ್ಲಿ ಅವರು ಲೈಪ್‌ಜಿಗ್‌ನಲ್ಲಿ ಅಧಿಕಾರ ವಹಿಸಿಕೊಂಡಾಗ ಹಾಡಿಸಿದ 75ನೆಯದು, 1724ರ 20ನೆಯದು, 1726ರ 39ನೆಯದು. ಮೂರೂ ಎರಡೆರಡು ಭಾಗಗಳ ಕೃತಿಗಳು. ವೃಂದವು ಇವನ್ನು ಹಾಡಿದ್ದು ಲಂಡನ್ನಿನ ಹಣಕಾಸಿನ ಕೇಂದ್ರವಾದ 'ಸಿಟಿ'ಯ ಅಂಚಿನಲ್ಲಿರುವ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ದೇವಾಲಯದಲ್ಲಿ. ಸಂತ ಜೈಲ್ಸರು ಅಂಗವಿಕಲರ ಮತ್ತು ಭಿಕ್ಷುಕರ ಪಾಲಕರು. ಬ್ಯಾಂಕುಗಳ ನೆರಳಿನಲ್ಲಿ, ಭಿಕ್ಷುಕರ ಪಾಲಕನ ಆಲಯದಲ್ಲಿ, ಬಾಗಿಲ ಬಳಿ ಬಿದ್ದಿದ್ದ ಲಾಜರನ ಕಥೆ! ಯಾವ ಪ್ರಬೋಧಕನೂ ಇದಕ್ಕಿಂತ ತಕ್ಕ ಸ್ಥಳವನ್ನು ಬೇಡಲಾರ.

ಗಾಯನದ ಗುಣದ ವಿಷಯದಲ್ಲಿ ಎರಡು ಮಾತಿಲ್ಲ. ಗಾರ್ಡಿನರ್ ಅವರ ವೃಂದದಲ್ಲಿ ಜರ್ಮನ್ ಪದಗಳ ವ್ಯಂಜನಗಳು ಕೆತ್ತಿದಂತೆ ಕೇಳುತ್ತವೆ. ವಾಕ್ಯವೇ ಇಲ್ಲಿ ಸಂಗೀತವನ್ನು ಮುನ್ನಡೆಸುತ್ತದೆ. 39ನೆಯ ಕೃತಿಯ ಆರಂಭದಲ್ಲಿ, ಹಸಿದವರಿಗೆ ಅನ್ನವನ್ನು ಮುರಿದುಕೊಡು ಎನ್ನುವ ಯೆಶಾಯನ 58ನೆಯ ಅಧ್ಯಾಯದ ಆಜ್ಞೆಗೆ ಬಾಖ್ ಬಿಡಿಬಿಡಿಯಾದ ಸ್ವರಗುಚ್ಛಗಳನ್ನು ಕೊಟ್ಟಿದ್ದಾರೆ. ಕೊಳಲು, ಓಬೋ, ತಂತಿವಾದ್ಯಗಳು ಒಂದರಿಂದ ಒಂದಕ್ಕೆ ಅವನ್ನು ದಾಟಿಸುವಾಗ ರೊಟ್ಟಿ ಮುರಿಯುವ ಕೈಗಳನ್ನು ಕಂಡವರು ಹಲವರು. ಈ ವಾದನದಲ್ಲಿ ನಮಗೂ ಅದು ಕಾಣುತ್ತದೆ. ಆದರೆ ಇವರ ವೇಗದ ಒಲವು ಎಲ್ಲೆಡೆ ಹಿತವಲ್ಲ. ನಿತ್ಯತೆಯ ಭೀತಿಯನ್ನು ವಸ್ತುವಾಗಿ ಉಳ್ಳ 20ನೆಯ ಕೃತಿಯಲ್ಲಿ ನಾಟಕೀಯತೆ ಕೆಲವೊಮ್ಮೆ ಭಯಭಕ್ತಿಯನ್ನು ಮೀರಿಸುತ್ತದೆ. ನಾವು ನಡುಗುವುದಕ್ಕೆ ಮೊದಲೇ ಮೆಚ್ಚಿಬಿಡುತ್ತೇವೆ.

ನಮ್ಮ ಮುಖ್ಯ ತಕರಾರು ಇದಕ್ಕಿಂತ ಆಳದ್ದು. ಈ ಮೂರು ಕೃತಿಗಳ ನಡುವೆಯೂ ಬಾಖ್ ಒಂದು ಬಿಡುವನ್ನು ಇಟ್ಟಿದ್ದಾರೆ. ಆ ಬಿಡುವಿನಲ್ಲಿ ಒಬ್ಬ ಮನುಷ್ಯ ಎದ್ದು ನಿಂತು, ತನ್ನ ಊರಿನ ಧನಿಕರನ್ನೂ ಲಾಜರರನ್ನೂ ಕಣ್ಣೆದುರು ಇಟ್ಟುಕೊಂಡು ಮಾತನಾಡಬೇಕಿತ್ತು. ಕಛೇರಿಯಲ್ಲಿ ಮೊದಲ ಭಾಗಕ್ಕೆ ಎರಡನೆಯ ಭಾಗ ಅಂಟಿಕೊಂಡೇ ಬರುತ್ತದೆ. ಪ್ರಶ್ನೆ ಕೇಳಿಸಿತು, ಉತ್ತರವೂ ಕೇಳಿಸಿತು. 'ನೀನು ಏನು ಮಾಡುವೆ?' ಎಂದು ಕೇಳುವವರು ಮಾತ್ರ ಇರಲಿಲ್ಲ. ಯಾತ್ರೆಯು ಭಾನುವಾರವನ್ನು ಮರಳಿ ತಂದಿತು, ದೇವಾಲಯವನ್ನು ಮರಳಿ ತಂದಿತು. ಪ್ರಸಂಗಪೀಠವನ್ನು ಬರಿದಾಗಿ ಬಿಟ್ಟಿತು.

ಪೀಠ ಬರಿದಾದರೆ ಆಗುವ ಅಪಾಯವೇನೆಂಬುದು ಬ್ರೌನ್‌ಶ್ವೈಗ್‌ನಲ್ಲಿ ಸ್ಪಷ್ಟವಾಗುತ್ತದೆ. ತ್ರಿತ್ವದ ನಂತರದ ಹತ್ತನೆಯ ಭಾನುವಾರ, ಪ್ರಭು ಯೇಸು ಜೆರುಸಲೇಮನ್ನು ಕಂಡು ಕಣ್ಣೀರಿಟ್ಟ ಪ್ರಸಂಗ (ಲೂಕ 19:41-48). ಆ ದಿನ ಜೆರುಸಲೇಮಿನ ಪತನದ ವೃತ್ತಾಂತವನ್ನು ದೇವಾಲಯಗಳಲ್ಲಿ ಓದುವ ರೂಢಿ ಜರ್ಮನಿಯ ಲೂಥರನ್ ಸಭೆಗಳಲ್ಲಿತ್ತು. ಯೆಹೂದ್ಯರು ದಂಡನೆಗೆ ಅರ್ಹರೆಂಬ ಭಾವವನ್ನು ತಲೆಮಾರುಗಳ ಕಾಲ ಪೋಷಿಸಿದ ರೂಢಿಗಳಲ್ಲಿ ಅದೂ ಒಂದು. ವೃಂದವು ಆ ದಿನದ 46, 101 ಮತ್ತು 102ನೆಯ ಕಾಂಟಾಟಾಗಳನ್ನು ಹಾಡಿದ್ದು ಬ್ರೌನ್‌ಶ್ವೈಗ್‌ನ ಪ್ರಧಾನಾಲಯದಲ್ಲಿ. ನಾಜಿ ಆಡಳಿತವು ಆ ಆಲಯವನ್ನು ರಾಷ್ಟ್ರೀಯ ಸ್ಮಾರಕಮಂದಿರವನ್ನಾಗಿ ಮಾರ್ಪಡಿಸಿತ್ತು. ಆ ನಗರದ ಹಳೆಯ ಭಾಗ 1944ರ ಅಕ್ಟೋಬರಿನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು.

46ನೆಯ ಕೃತಿಯು ಪ್ರಲಾಪಗಳ ಗ್ರಂಥದ ಒಂದು ವಾಕ್ಯದಿಂದ ಆರಂಭವಾಗುತ್ತದೆ. ಅದರ ಶೋಕಸ್ವರ ಎಷ್ಟು ಆಳವೆಂದರೆ, ಬಾಖ್ ಮುಂದೆ ಅದೇ ಸಂಗೀತವನ್ನು ತಮ್ಮ ಬಿ ಮೈನರ್ ಬಲಿಪೂಜಾ ಸಂಗೀತದಲ್ಲಿ, ಲೋಕದ ಪಾಪಗಳನ್ನು ಹೊರುವ ಕುರಿಮರಿಯನ್ನು ಬೇಡುವ ಸಾಲಿಗೆ ಬಳಸಿಕೊಂಡರು. ಗೀತಪಾಠವೂ ಜೆರುಸಲೇಮಿನಲ್ಲಿ ನಿಲ್ಲುವುದಿಲ್ಲ. ಪಾಪಿಗಳಾದ ಕೇಳುಗರೇ, ತಪ್ಪು ಆ ನಗರದ್ದು ಮಾತ್ರವೆಂದು ಭ್ರಮಿಸಬೇಡಿ ಎಂಬ ಎಚ್ಚರಿಕೆಯನ್ನು ಅದು ಕೊಡುತ್ತದೆ. ಇಲ್ಲಿ ಕವಿಯೂ ಸಂಗೀತಗಾರನೂ ತಮ್ಮ ಪಾಲಿನ ಕೆಲಸವನ್ನು ಮಾಡಿದ್ದಾರೆ. ಆದರೆ 2000ದ ಜರ್ಮನಿಯಲ್ಲಿ, ಅಂಥ ಆಲಯದಲ್ಲಿ, ಈ ಮಾತುಗಳ ಭಾರ ಏನೆಂದು ಬಿಡಿಸಿ ಹೇಳಬೇಕಾದದ್ದು ಪ್ರಬೋಧಕ. ಕ್ರಿಸ್ತರ ಯಾತನೆಯ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಲಾಗದೆಂದು 'ನೊಸ್ತ್ರಾ ಏತಾತೆ' 1965ರಲ್ಲಿ ಸಾರಿತು. ಆ ಬೋಧನೆಯನ್ನು ಸ್ವರಗಳು ತಾವಾಗಿ ಸಾರಲಾರವು. ಸುಂದರವಾದ ಶೋಕವನ್ನು ಕೇಳಿ, ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಎದ್ದುಹೋಗುವುದು ಕಛೇರಿಯ ಕೇಳುಗನಿಗೆ ಸುಲಭ.

ಹಾಗಾದರೆ ಇಂಥ ಕಛೇರಿಗಳೇ ಬೇಡವೇ? ಹಾಗೆನ್ನುವುದು ಅವಿವೇಕ. ದೈವಾರಾಧನೆಗಾಗಿನ ರೋಮ್ ಪರಿಷತ್ತು 1987ರ ನವೆಂಬರ್ 5ರಂದು ದೇವಾಲಯಗಳಲ್ಲಿ ನಡೆಯುವ ಕಛೇರಿಗಳನ್ನು ಕುರಿತು ಒಂದು ಪತ್ರ ಹೊರಡಿಸಿತು. ಪ್ರವೇಶ ಉಚಿತವಾಗಿರಬೇಕು, ಗಾಯಕರು ಬಲಿಪೀಠದ ಆವರಣವನ್ನು ಆಕ್ರಮಿಸಬಾರದು ಎಂಬ ನಿಯಮಗಳನ್ನಷ್ಟೇ ನಾವು ನೆನಪಿಡುತ್ತೇವೆ. ಕೇಳುಗರು ಆಂತರ್ಯದಲ್ಲಿ ಪಾಲುಗೊಳ್ಳುವಂತೆ ಸೂಕ್ತ ವಿವರಣೆಯೊಡನೆ ಸಂಗೀತವನ್ನು ಪ್ರಸ್ತುತಪಡಿಸಬೇಕೆಂದೂ ಆ ಪತ್ರ ಹೇಳುತ್ತದೆ. ಅಂದರೆ, ಗೀತದ ಬಳಿ ವಾಕ್ಯದ ಸೇವಕನೊಬ್ಬ ನಿಲ್ಲಬೇಕು. ಆ ಜಾಗ ಖಾಲಿಯಿದ್ದರೆ ತಪ್ಪು ಗಾಯಕರದೆಂದು ಹೇಳಲಾಗದು. ತಮ್ಮ ಪಾಲಿನ ಪಂಚಾಂಗವನ್ನು ಅವರು ನಮಗಿಂತ ನಿಷ್ಠೆಯಿಂದ ಪಾಲಿಸಿದರು. ಪ್ಯಾರಿಸ್ ಬಳಿಯ ಸೇಂಟ್ ಡೆನಿ ಬಸಿಲಿಕದಲ್ಲಿ, ಫ್ರಾನ್ಸಿನ ಕಥೋಲಿಕ ಅರಸರ ಸಮಾಧಿಗಳ ನಡುವೆ, ಲೂಥರರ ಸ್ತೋತ್ರವೊಂದನ್ನು ಆಧರಿಸಿದ 2ನೆಯ ಕಾಂಟಾಟಾ ಮೊಳಗಿತು. ನೀತೀಕರಣವನ್ನು ಕುರಿತ ಜಂಟಿ ಘೋಷಣೆಗೆ ಕಥೋಲಿಕರೂ ಲೂಥರನ್ನರೂ ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿ ಆಗ ಎಂಟು ತಿಂಗಳಾಗಿತ್ತಷ್ಟೇ. ಅಂಥ ಸಂಧಿಯನ್ನು ಗಾಯಕರು ಒದಗಿಸಿಕೊಟ್ಟರು. ಅದರ ಅರ್ಥವನ್ನು ಹೇಳುವ ಹೊಣೆ ಧರ್ಮಸಭೆಯದು.

ಈ ಮಾತು ನಮ್ಮ ನಾಡಿಗೂ ದೂರದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಮೂಲಕ ಜರ್ಮನ್ ಸ್ತೋತ್ರರಾಗಗಳು ಕನ್ನಡದ ನಾಲಿಗೆಗೆ ಬಂದವು. ಬಾಖ್ ತಮ್ಮ ಕಾಂಟಾಟಾಗಳಲ್ಲಿ ಹೆಣೆದುಕೊಂಡ ಸ್ತೋತ್ರಪರಂಪರೆ ನಮ್ಮ ಪ್ರಾಟೆಸ್ಟಂಟ್ ಸೋದರರ ಆರಾಧನೆಯಲ್ಲಿ ಇಂದಿಗೂ ಜೀವಂತವಾಗಿದೆ. ಕಥೋಲಿಕರಾದ ನಮ್ಮಲ್ಲಿ ಲಾಜರನ ಶುಭಸಂದೇಶವು 'ಸಿ' ವರ್ಷದ ಸಾಧಾರಣ ಕಾಲದ 26ನೆಯ ಭಾನುವಾರ ಬರುತ್ತದೆ. ಧರ್ಮಕೇಂದ್ರವೊಂದರಲ್ಲಿ ಸೇವೆಯಲ್ಲಿದ್ದಾಗ ಅಂಥ ಒಂದು ಭಾನುವಾರ ನಾನು ಆ ಸಾಮತಿಯನ್ನು ಓದಿ, ಪ್ರಸಂಗದ ಅರ್ಧವನ್ನು ದೇವಾಲಯದ ಛಾವಣಿಯ ವಂತಿಗೆಗೆ ಬಳಸಿದೆ. ಗಾಯನವೃಂದದವರು ತಮಗೆ ಚೆನ್ನಾಗಿ ಬರುವ ನಾಲ್ಕು ಗೀತೆಗಳನ್ನು ಹಾಡಿದರು. ಒಂದಕ್ಕೂ ವಾಚನಕ್ಕೂ ಸಂಬಂಧವಿರಲಿಲ್ಲ. ನಾನೂ ಅವರನ್ನು ಕೇಳಿರಲಿಲ್ಲ, ಅವರೂ ನನ್ನನ್ನು ಕೇಳಿರಲಿಲ್ಲ. ಪೂಜೆ ಮುಗಿದಾಗ ಬಾಗಿಲ ಮೆಟ್ಟಿಲಿನಲ್ಲಿ ಎಂದಿನಂತೆ ಇಬ್ಬರು ಕೈ ಚಾಚಿ ಕುಳಿತಿದ್ದರು. ಲಂಡನ್ನಿನ ಕಛೇರಿಯಲ್ಲಿ ಪ್ರಸಂಗವಿರಲಿಲ್ಲವೆಂದು ಬರೆಯುವಾಗ ನನಗೆ ನೆನಪಾಗುವುದು ಆ ಭಾನುವಾರ. ನನ್ನಲ್ಲಿ ಪೀಠವಿತ್ತು, ವೃಂದವಿತ್ತು, ವಾಕ್ಯವೂ ಇತ್ತು, ಮೂರೂ ಒಂದಾಗಿರಲಿಲ್ಲ.

ಗುರುಮಠದ ಸೋದರರಲ್ಲಿ ಆದ್ದರಿಂದ ಎರಡು ಬಿನ್ನಹ. 39ನೆಯ ಕಾಂಟಾಟಾದ ಮೊದಲ ಭಾಗವನ್ನು ಒಮ್ಮೆ ಕೇಳಿ, ಅಲ್ಲಿ ಮುದ್ರಿಕೆಯನ್ನು ನಿಲ್ಲಿಸಿ. ಆ ಮೌನದಲ್ಲಿ ನೀವು ನಿಮ್ಮ ಊರಿನ ಜನರಿಗೆ ಏನು ಹೇಳುವಿರೆಂದು ಬರೆದುಕೊಳ್ಳಿ. ಆಮೇಲೆ ಎರಡನೆಯ ಭಾಗವನ್ನು ಕೇಳಿ. ಮುಂದೆ ಧರ್ಮಕೇಂದ್ರಕ್ಕೆ ಹೋದಾಗ, ಭಾನುವಾರದ ವಾಚನಗಳನ್ನು ಗುರುವಾರವೇ ಗಾಯನವೃಂದದವರೊಡನೆ ಕುಳಿತು ಓದಿ. ವೃತ್ತಿಗಾಯಕರ ವೃಂದವೊಂದು ವರ್ಷವಿಡೀ ಪಂಚಾಂಗವನ್ನು ಹಿಡಿದು ಖಂಡವನ್ನೇ ಸುತ್ತಬಹುದಾದರೆ, ನಮ್ಮ ವೃಂದದ ಹತ್ತು ಮಂದಿಯೊಡನೆ ಒಂದು ಸಂಜೆ ಕೂರುವುದು ನಮಗೆ ಹೊರೆಯಾಗಬಾರದು.