ಉಳುಕಿದ ಕಾಲಿಗೆ ಎಣ್ಣೆಯಲ್ಲ, ತಾಲೀಮು

ಈ ವಾರ ಕಬಡ್ಡಿಯಲ್ಲಿ ಕಾರ್ನರ್‌ನವನು ರೇಡರ್‌ನ ಹರಡು ಹಿಡಿಯುವ ಪಟ್ಟಿನ ಬಗ್ಗೆ ಬರೆಯಬೇಕಿತ್ತು. ಆದರೆ ಸಿಕ್ಕಿಬಿದ್ದ ಆ ಕಾಲಿನ ಮುಂದಿನ ಗತಿ ಪಟ್ಟಿಗಿಂತ ದೊಡ್ಡ ವಿಷಯ. ಅಂಕಲಗಿ, ಗೋಕಾಕ ಕಡೆಯ ಕಬಡ್ಡಿ ಮೈದಾನದಲ್ಲಿ ಹುಡುಗನ ಪಾದ ಒಳಕ್ಕೆ ಹೊರಳಿತೆಂದರೆ ‘ನರ ಸರದೈತಿ’ ಎಂದು ಎಣ್ಣೆ ಹಚ್ಚಿ ಜಗ್ಗುವವರು ಮೊದಲು ಮುಂದೆ ಬರುತ್ತಾರೆ. ಅಲ್ಲಿ ನರ ಸರಿದಿರುವುದಿಲ್ಲ. ಹರಡಿನ ಹೊರಬದಿಯಲ್ಲಿ ಮೂಳೆಗೆ ಮೂಳೆ ಬಿಗಿದ ಲಿಗಮೆಂಟ್ ಎಳೆದಿರುತ್ತದೆ ಅಥವಾ ಹರಿದಿರುತ್ತದೆ. ಹಸಿ ಗಾಯವನ್ನು ತಿಕ್ಕಿದರೆ ಬಾವು ಏರುತ್ತದೆ, ಮೂಳೆ ಮುರಿದಿದ್ದರಂತೂ ಜಗ್ಗುವುದು ಅಪಾಯ. ಮುರಿತದ ಶಂಕೆ ಪರೀಕ್ಷಿಸಲು ಕೆನಡಾದ ಒಟ್ಟಾವಾ ವೈದ್ಯರು 1992ರಲ್ಲಿ ಕೊಟ್ಟ ನಿಯಮ, ಎಕ್ಸ್‌ರೇಗೆ ಬೇರೆ ಊರಿಗೆ ಹೋಗಬೇಕಾದವರಿಗೇ ಹೆಚ್ಚು ಉಪಯುಕ್ತ. ಹರಡಿನ ಎರಡೂ ಗಂಟುಗಳ ಹಿಂಬದಿಯ ಕೆಳಗಿನ 6 ಸೆಂ.ಮೀ., ಪಾದದ ಹೊರ ಅಂಚಿನ ನಡುವಿನ ಉಬ್ಬು, ಒಳಬದಿಯ ದೋಣಿಮೂಳೆ, ಇವುಗಳಲ್ಲಿ ಯಾವುದಾದರೂ ಒಂದು ಕಡೆ ಒತ್ತಿದಾಗ ಮೂಳೆ ನೊಂದರೆ, ಇಲ್ಲವೇ ನಾಲ್ಕು ಹೆಜ್ಜೆ ಊರಲಾಗದಿದ್ದರೆ ಎಕ್ಸ್‌ರೇ ಆಗಲೇಬೇಕು. ಹಿರಿಯರು ತಿಕ್ಕಿಸಿಕೊಂಡೇ ಆಡಿದರಲ್ಲ ಎನ್ನಬಹುದು. ಸಣ್ಣ ಉಳುಕು ತಾನಾಗಿ ಮಾಯುತ್ತದೆ, ಹೆಸರು ಮಾತ್ರ ಎಣ್ಣೆಗೆ ಬರುತ್ತದೆ.

ಐಸ್ ಇಟ್ಟು ಮಲಗಿಸುವ ಪಂಥವೂ ನನಗೆ ಒಪ್ಪಿಗೆಯಿಲ್ಲ. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲೆತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ಣ ವಿಶ್ರಾಂತಿ ಮಾಯುವುದನ್ನು ತಡಮಾಡಬಹುದೆಂದು 2014ರಲ್ಲಿ ಬರೆದರು. ಐಸ್ ನೋವು ತಗ್ಗಿಸುತ್ತದೆ, ನಿಜ. ಆದರೆ ನೋವು ಇಳಿಯುವುದೂ ಕಾಲು ಸಿದ್ಧವಾಗುವುದೂ ಒಂದೇ ಅಲ್ಲ. ಈ ವಿಷಯದಲ್ಲಿ ನಾನು ಮತ್ತೆಮತ್ತೆ ಮರಳುವುದು ಬ್ರಿಟನ್ನಿನ ಫ್ರೀಮನ್ ಮತ್ತು ಸಂಗಡಿಗರ 1965ರ ಲೇಖನಗಳಿಗೆ. ಲಿಗಮೆಂಟ್ ಬರೀ ಹಗ್ಗವಲ್ಲ, ಪಾದ ಯಾವ ಕೋನದಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರತುದಿಗಳೂ ಅದರಲ್ಲಿವೆ. ಉಳುಕಿದಾಗ ಅವಕ್ಕೂ ಪೆಟ್ಟು ಬೀಳುತ್ತದೆ ಎಂಬುದು ಅವರ ವಾದ. ಉಳುಕಿದ ಕಾಲೊಂದರ ಮೇಲೆಯೇ ನಿಲ್ಲುವುದು ಹಲವರಿಗೆ ಕಷ್ಟವಾಗುವುದನ್ನೂ, ಸಮತೋಲದ ತಾಲೀಮಿನಿಂದ ಅದು ಸುಧಾರಿಸುವುದನ್ನೂ ಅವರು ತೋರಿಸಿದರು. ಅದೇ ಕಾಲು ಮತ್ತೆಮತ್ತೆ ಉಳುಕುವುದಕ್ಕೆ ‘ಎಲುಬು ಸಡಿಲ’ ಎಂಬ ಮಾತಿಗಿಂತ ಇದು ಒಳ್ಳೆಯ ವಿವರಣೆ.

ಹಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್ ಎಲ್ಲಿ ಸಿಗುತ್ತಾನೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಈ ತಾಲೀಮಿಗೆ ಬೇಕಾದದ್ದು ಪಕ್ಕದಲ್ಲೊಂದು ಗೋಡೆ. ಭಾರ ಹಾಕಲು ಬಂದ ಮೇಲೆ ದಿನಾ ಒಂಟಿಕಾಲಲ್ಲಿ ನಿಲ್ಲಬೇಕು, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ, ಕೊನೆಗೆ ಒಂಟಿಕಾಲ ಜಿಗಿತ. ಫೈನಲ್ ಹತ್ತಿರ ಬಂತೆಂದು ತಂಡದ ನಾಯಕರು ‘ನೋವು ಐತೇನು’ ಎಂದು ಕೇಳಿದರೆ ಯಾವ ಹುಡುಗನೂ ಹೌದೆನ್ನುವುದಿಲ್ಲ. ಎರಡೂ ಕಾಲಲ್ಲಿ ಸರದಿಯಂತೆ ಜಿಗಿಸಿ ನೋಡಲಿ; ಉಳುಕಿದ ಕಾಲು ತಡವರಿಸಿದರೆ ಅವನನ್ನು ಆ ಪಂದ್ಯಕ್ಕೆ ಇಳಿಸಬಾರದು.